ಚಳಿಯಲ್ಲಿ ಟ್ರೇ ಸಸಿ: ರಾತ್ರಿ ಬೆಚ್ಚಗಿಟ್ಟರೆ ಅರ್ಧ ಗೆದ್ದ ಹಾಗೆ

"ಮೇಡಂ, ಬೀಜ ಹಾಕಿ ಹತ್ತು ದಿನ ಆಯ್ತು. ಟ್ರೇನಲ್ಲಿ ಏನೂ ಕಾಣ್ತಿಲ್ಲ. ಬೀಜ ಡೂಪ್ಲಿಕೇಟ್ ಇರಬಹುದಾ?"

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನನ್ನ ವಾಟ್ಸಾಪ್‌ಗೆ ಬರೋ ಮೆಸೇಜ್‌ಗಳಲ್ಲಿ ಇದೇ ಹೆಚ್ಚು. ಜೊತೆಗೊಂದು ಫೋಟೋ. ನೀರು ಕುಡಿದು ಕಪ್ಪಗಾದ ಕೋಕೋಪೀಟ್, ಅಲ್ಲಲ್ಲಿ ಒಂದೆರಡು ಸಸಿ, ಉಳಿದ ಗುಳಿಗಳೆಲ್ಲ ಖಾಲಿ. ನಾನು ತಿರುಗಿ ಕೇಳೋ ಮೊದಲ ಪ್ರಶ್ನೆ ಬೀಜದ ಕಂಪನಿ ಯಾವುದು ಅಂತಲ್ಲ. "ರಾತ್ರಿ ಟ್ರೇ ಎಲ್ಲಿತ್ತು?" ಅಂತ.

ಯಾಕೆ ಇದು ದುಡ್ಡಿನ ವಿಷಯ ಅಂತ ಮೊದಲು ಲೆಕ್ಕ ಹಾಕೋಣ. ಕಲ್ಲಂಗಡಿಯನ್ನು ಸಾಲಿಂದ ಸಾಲಿಗೆ 6 ಅಡಿ, ಗಿಡದಿಂದ ಗಿಡಕ್ಕೆ ಒಂದೂಕಾಲು ಅಡಿ ಅಂತರದಲ್ಲಿ ನಾಟಿ ಮಾಡಿದರೆ ಎಕರೆಗೆ ಸುಮಾರು 5,800 ಗಿಡ ಹಿಡಿಯುತ್ತೆ. ಹೈಬ್ರಿಡ್ ಬೀಜ ಒಂದಕ್ಕೆ 2 ರೂಪಾಯಿ ಅಂತ ಹಿಡಿದರೂ ಬರೀ ಬೀಜಕ್ಕೇ 11,600 ರೂಪಾಯಿ. ಮೂರರಲ್ಲೊಂದು ಹುಟ್ಟಲಿಲ್ಲ ಅಂದರೆ ನಾಲ್ಕು ಸಾವಿರದ ಹತ್ತಿರ ಹೋಯ್ತು. ಮತ್ತೆ ಬೀಜ ತಂದು ಹಾಕಿದರೆ ಹದಿನೈದು ದಿನ ತಡ. ಬೇಸಿಗೆ ಮಾರುಕಟ್ಟೆಯಲ್ಲಿ ಹದಿನೈದು ದಿನ ಅಂದ್ರೆ ಏನು ಅಂತ ಹಣ್ಣು ಮಾರಿದವರಿಗೆ ಹೇಳಬೇಕಾಗಿಲ್ಲ.

ಬೀಜ ಕ್ಯಾಲೆಂಡರ್ ನೋಡಲ್ಲ

ಬೀಜಕ್ಕೆ ತಾನು ಕೂತಿರೋ ಮಣ್ಣು ಅಥವಾ ಕೋಕೋಪೀಟ್ ಎಷ್ಟು ಬೆಚ್ಚಗಿದೆ ಅನ್ನೋದಷ್ಟೇ ಗೊತ್ತಾಗೋದು. ಅದೇ ಬೀಜ, ಅದೇ ನೀರು. ಬಿಸಿ ಬದಲಾದರೆ ಮೊಳಕೆಯ ದಿನಗಳು ಹೇಗೆ ಬದಲಾಗ್ತವೆ ನೋಡಿ. ತೋಟಗಾರಿಕೆ ಓದಿದವರೆಲ್ಲ ಕಾಲೇಜಿನಲ್ಲಿ ನೋಡಿರೋ ಅಂಕಿಗಳು ಇವು.

• ಟೊಮೆಟೊ: 25 ಡಿಗ್ರಿಯಲ್ಲಿ ಸುಮಾರು 6 ದಿನ, 20ರಲ್ಲಿ 8 ದಿನ, 15ರಲ್ಲಿ 14 ದಿನ, 10 ಡಿಗ್ರಿಯಲ್ಲಿ 40 ದಿನದ ಮೇಲೆ.
• ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ: 25ರಲ್ಲಿ 8 ದಿನ, 20ರಲ್ಲಿ 12 ದಿನ, 15ರಲ್ಲಿ 25 ದಿನ.
• ಸೌತೆ: 25ರಲ್ಲಿ 4 ದಿನ, 20ರಲ್ಲಿ 6 ದಿನ, 15ರಲ್ಲಿ 13 ದಿನ.
• ಕಲ್ಲಂಗಡಿ: 30ರಲ್ಲಿ 4 ದಿನ, 25ರಲ್ಲಿ 5 ದಿನ, 20ರಲ್ಲಿ 12 ದಿನ. 15ಕ್ಕೆ ಇಳಿದರೆ ಆಸೆ ಬಿಡಿ.
• ಈರುಳ್ಳಿ: 20ರಲ್ಲಿ 5 ದಿನ, 15ರಲ್ಲೂ 7 ದಿನ.
• ಎಲೆಕೋಸು: 20ರಲ್ಲಿ 6 ದಿನ, 15ರಲ್ಲಿ 9 ದಿನ.

ಇದರಲ್ಲೇ ಎರಡು ಗುಂಪು ಕಾಣುತ್ತೆ. ಈರುಳ್ಳಿ, ಎಲೆಕೋಸು, ಹೂಕೋಸು, ಲೆಟ್ಯೂಸ್, ಪಾಲಕ್ ಇವೆಲ್ಲ ಚಳಿಯ ಮಕ್ಕಳು. ನಮ್ಮ ಕಡೆಯ ಚಳಿ ಇವಕ್ಕೆ ಲೆಕ್ಕಕ್ಕೇ ಇಲ್ಲ, ಟ್ರೇ ಹೊರಗಿಟ್ಟು ನೀರು ಹಾಕಿದರೆ ಸಾಕು. ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆ, ಹೀರೆ, ಹಾಗಲ, ಕಲ್ಲಂಗಡಿ, ಕರ್ಬೂಜ ಇವು ಬಿಸಿ ಬೇಡೋ ಬೆಳೆಗಳು. ಈ ಲೇಖನ ಈ ಎರಡನೇ ಗುಂಪಿಗೆ.

ಬೀಜ ತಡವಾಗಿ ಹುಟ್ಟಿದರೆ ಹುಟ್ಟಲಿ, ಕಾಯೋಣ ಅನ್ನಬಹುದು. ಆದರೆ ಆ ಹೆಚ್ಚುವರಿ ದಿನಗಳಲ್ಲಿ ಬೀಜ ತಣ್ಣನೆ ಒದ್ದೆಯಲ್ಲಿ ಕೂತಿರುತ್ತೆ. ಪಿಥಿಯಂ, ರೈಜೋಕ್ಟೋನಿಯಾ ಥರದ ಶಿಲೀಂಧ್ರಗಳಿಗೆ ಅದೇ ಹಬ್ಬ. ಬೀಜ ಒಳಗೇ ಕೊಳೆಯುತ್ತೆ, ಇಲ್ಲಾಂದ್ರೆ ಹುಟ್ಟಿದ ಸಸಿ ಬುಡದಲ್ಲಿ ನೀರುಗಾಯಿ ಆದ ಹಾಗಾಗಿ ಮಲಗಿಬಿಡುತ್ತೆ. ಬೀಜ ಬೇಗ ಹುಟ್ಟಿಸೋದೇ ಸಸಿ ಕೊಳೆ ರೋಗಕ್ಕೆ ಮೊದಲ ಔಷಧಿ.

ಫೋನ್ ತೋರಿಸೋ ಡಿಗ್ರಿ ಬೇರೆ, ಟ್ರೇ ಡಿಗ್ರಿ ಬೇರೆ

"ಫೋನ್‌ನಲ್ಲಿ 14 ಅಂತ ತೋರಿಸ್ತಿದೆ, ಅಷ್ಟೇನೂ ಚಳಿ ಇಲ್ಲ" ಅಂತಾರೆ ಕೆಲವರು. ಹವಾಮಾನ ಇಲಾಖೆಯ ಲೆಕ್ಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಇಟ್ಟ ಥರ್ಮಾಮೀಟರ್‌ನದು. ನಿಮ್ಮ ಟ್ರೇ ಇರೋದು ಬಯಲಲ್ಲಿ. ಮೋಡ ಇಲ್ಲದ, ಗಾಳಿ ಆಡದ ರಾತ್ರಿಯಲ್ಲಿ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗುತ್ತೆ. ತಣ್ಣನೆ ಗಾಳಿ ಭಾರ, ಅದು ಕೆಳಗೇ ಕೂರುತ್ತೆ. ಸಾಲದ್ದಕ್ಕೆ ಒದ್ದೆ ಕೋಕೋಪೀಟ್‌ನಿಂದ ನೀರು ಆರುವಾಗ ಅದು ಇನ್ನಷ್ಟು ತಣ್ಣಗಾಗುತ್ತೆ, ಮಣ್ಣಿನ ಮಡಕೆಯ ನೀರಿನ ಹಾಗೆ. ಹಾಗಾಗಿ ಫೋನ್ ತೋರಿಸೋದಕ್ಕಿಂತ ಬಯಲಲ್ಲಿರೋ ಟ್ರೇ ಕೆಲವು ಡಿಗ್ರಿ ಕೆಳಗಿರಬಹುದು.

ಬೀದರ್, ವಿಜಯಪುರ, ಕಲಬುರಗಿ ಕಡೆ ಡಿಸೆಂಬರ್-ಜನವರಿಯ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತೆ. ಬೆಂಗಳೂರಲ್ಲೂ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ. ಆದರೆ ನಮ್ಮ ಚಳಿಗೆ ಒಂದು ಒಳ್ಳೆ ಗುಣ ಇದೆ. ರಾತ್ರಿ ಎಷ್ಟೇ ನಡುಗಿಸಿದರೂ ಹಗಲು ಹತ್ತು ಗಂಟೆ ಮೇಲೆ ಬಿಸಿಲು ಕಾಯುತ್ತೆ. ಹಗಲಿನ ಬಿಸಿಯನ್ನು ಹಿಡಿದು ರಾತ್ರಿಗೆ ಉಳಿಸಿಕೊಳ್ಳೋದೇ ನಮ್ಮ ಕೆಲಸ. ಮುಂದೆ ಹೇಳೋದೆಲ್ಲ ಇದೊಂದೇ ಮಾತಿನ ವಿವರ.

ಒಂದು ಸಣ್ಣ ಥರ್ಮಾಮೀಟರ್ ತಗೊಳ್ಳಿ, ವೈರ್ ತುದಿಯಲ್ಲಿ ಸೆನ್ಸರ್ ಇರೋದು. ಸೆನ್ಸರನ್ನು ಟ್ರೇ ಗುಳಿಯೊಳಗೆ ಚುಚ್ಚಿ, ಬೆಳಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ ಫೋಟೋ ಹೊಡೆದಿಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ನಿಮ್ಮ ಜಾಗದ ಚಳಿ ನಿಮಗೇ ಗೊತ್ತಾಗುತ್ತೆ.

ಹಿಮದಲ್ಲಿ ಬಿತ್ತೋ ವಿಡಿಯೋ ನೋಡಿದವರಿಗೆ

ಯೂಟ್ಯೂಬ್‌ನಲ್ಲಿ ಅಮೆರಿಕ, ಕೆನಡಾದವರು ಖಾಲಿ ಹಾಲಿನ ಕ್ಯಾನ್ ಅರ್ಧ ಕತ್ತರಿಸಿ, ಮಣ್ಣು ತುಂಬಿ, ಬೀಜ ಹಾಕಿ, ಮತ್ತೆ ಮುಚ್ಚಿ ಟೇಪ್ ಸುತ್ತಿ, ಹಿಮ ಬೀಳೋ ಅಂಗಳದಲ್ಲಿ ಬಿಟ್ಟುಬಿಡೋ ವಿಡಿಯೋಗಳಿವೆ. ಎರಡು ತಿಂಗಳ ಮೇಲೆ ಸಸಿ ತಾನಾಗೇ ಬರುತ್ತೆ. "ಅಲ್ಲಿ ಹಿಮದಲ್ಲೇ ಹುಟ್ಟುತ್ತೆ, ನಮ್ಮಲ್ಲಿ ಯಾಕೆ ಹುಟ್ಟಲ್ಲ?" ಅಂತ ಕೇಳಿದವರಿದ್ದಾರೆ.

ಅವರು ಹಾಗೆ ಹಾಕೋದರಲ್ಲಿ ಹೆಚ್ಚಿನವು ಆ ಚಳಿನಾಡಿನ ಹೂವಿನ ಗಿಡಗಳು, ಕೋಸು-ಲೆಟ್ಯೂಸ್ ಥರದ ಸೊಪ್ಪುಗಳು. ಅಲ್ಲಿನ ಎಷ್ಟೋ ಗಿಡಗಳ ಬೀಜಕ್ಕೆ ಕೆಲವು ವಾರ ಒದ್ದೆ ಚಳಿ ತಗುಲದೆ ನಿದ್ದೆಯೇ ಬಿಡಲ್ಲ. ಸೇಬಿನ ಬೀಜವೂ ಹಾಗೇ, ಎರಡು-ಮೂರು ತಿಂಗಳ ಚಳಿ ಬೇಕು. ಟೊಮೆಟೊ ಹಾಕೋರೂ ಇದ್ದಾರೆ, ಆದರೆ ಅದು ಹಿಮದಲ್ಲಿ ಹುಟ್ಟಲ್ಲ. ವಸಂತದ ಬಿಸಿ ಬರೋವರೆಗೆ ಕಾದಿದ್ದು ಆಮೇಲೆ ಹುಟ್ಟುತ್ತೆ. ಕಲ್ಲಂಗಡಿ, ಮೆಣಸಿನಕಾಯಿ ಬಿಸಿನಾಡಿನ ಬೆಳೆಗಳು. ಚಳಿ ಅವಕ್ಕೆ ಎಚ್ಚರಿಸೋ ಗಂಟೆ ಅಲ್ಲ, ಬರೀ ಪೆಟ್ಟು. ಆ ವಿಡಿಯೋದಿಂದ ನಾವು ತಗೋಬೇಕಾದ್ದು ಒಂದೇ: ಪಾರದರ್ಶಕ ಮುಚ್ಚಳ ಇರೋ ಡಬ್ಬ ಒಂದು ಪುಟ್ಟ ಪಾಲಿಹೌಸ್. ಅದನ್ನ ಚಳಿಗೆ ಒಡ್ಡೋದಕ್ಕಲ್ಲ, ಬಿಸಿ ಹಿಡಿಯೋದಕ್ಕೆ ಬಳಸೋಣ.

ಮೊದಲ ಹಂತ: ಮೊಳಕೆ ಬರೋವರೆಗೆ

ಮೊಳಕೆ ಬರೋತನಕ ಈ ಬೆಳೆಗಳಿಗೆ ಬೆಳಕು ಬೇಕಾಗಿಲ್ಲ, ಬಿಸಿ ಮಾತ್ರ ಸಾಕು. ಆದ್ದರಿಂದ ಈ ಹಂತದಲ್ಲಿ ಟ್ರೇಗಳನ್ನು ಬಯಲಲ್ಲಿ ಹರಡಬೇಡಿ.

*ಮೊಳಕೆ ಕಟ್ಟಿ ಬಿತ್ತೋದು.* ಹೆಸರುಕಾಳು ಮೊಳಕೆ ಕಟ್ಟೋದು ಎಲ್ಲರ ಮನೆಯಲ್ಲೂ ಗೊತ್ತು. ಚಳಿಗಾಲದಲ್ಲಿ ಆ ಗಂಟನ್ನು ಒಲೆ ಪಕ್ಕ ಇಡ್ತಾರೆ. ಕಲ್ಲಂಗಡಿ, ಸೌತೆ, ಕರ್ಬೂಜ, ಹೀರೆಗೂ ಅದೇ ಉಪಾಯ. ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ 6ರಿಂದ 8 ಗಂಟೆ ನೆನೆಸಿ, ನೀರು ಬಸಿದು, ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ದಿನದಲ್ಲಿ ಬಿಳಿ ತುದಿ ಇಣುಕುತ್ತೆ. ತುದಿ ಎಳ್ಳುಕಾಳಿನಷ್ಟು ಬಂದಾಗಲೇ ಟ್ರೇಗೆ ಹಾಕಿ, ಉದ್ದ ಬಿಟ್ಟರೆ ಮುರಿಯುತ್ತೆ. ಇದರ ಇನ್ನೊಂದು ಲಾಭ: ಮೊಳೆಯದ ಬೀಜ ಎಷ್ಟು ಅಂತ ಅಲ್ಲೇ ಎಣಿಕೆ ಸಿಗುತ್ತೆ. ಬೀಜ ಕೆಟ್ಟಿದ್ದಾ, ಚಳಿ ಕೆಡಿಸಿದ್ದಾ ಅನ್ನೋ ಜಗಳವೇ ಇರಲ್ಲ. ಬಣ್ಣ ಬಳಿದ ಬೀಜ ಆದರೆ ಅದು ಶಿಲೀಂಧ್ರನಾಶಕ ಹಚ್ಚಿದ ಬೀಜ. ಆ ಬಟ್ಟೆ, ಪಾತ್ರೆ ಅಡುಗೆಮನೆಗೆ ವಾಪಸ್ ಹೋಗಬಾರದು, ಕೈ ತೊಳೀರಿ. ಸಾವಯವ ಪ್ರಮಾಣಪತ್ರಕ್ಕೆ ಹೋಗೋರು ಬಣ್ಣ ಹಚ್ಚದ ಬೀಜವನ್ನೇ ಕೇಳಿ ತಗೊಳ್ಳಿ.

*ಟ್ರೇ ಪೇರಿಸಿ ಮುಚ್ಚೋದು.* ಟೊಮೆಟೊ, ಮೆಣಸಿನಕಾಯಿ ಥರದ ಸಣ್ಣ ಬೀಜಕ್ಕೆ ಇದು ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿಕೊಡೋ ಪದ್ಧತಿಯೇ ಇದು. 98 ಗುಳಿಯ ಟ್ರೇಗೆ ಸುಮಾರು 1.2 ಕೆ.ಜಿ. ಕೋಕೋಪೀಟ್ ತುಂಬಿ, ಬೀಜ ಹಾಕಿ, ತೆಳುವಾಗಿ ಮುಚ್ಚಿ, ಹತ್ತು ಟ್ರೇ ಒಂದರ ಮೇಲೊಂದು ಪೇರಿಸಿ, ಸುತ್ತ ಪಾಲಿಥಿನ್ ಹಾಳೆ ಹೊದಿಸೋದು. ತೇವ ಆರಲ್ಲ, ಬಿಸಿ ಸೋರಲ್ಲ. ಚಳಿ ಹೆಚ್ಚಿರೋ ಕಡೆ ಈ ಪೇರಿಕೆಯನ್ನು ಗಾಳಿ ನುಗ್ಗದ ಕೋಣೆಯಲ್ಲೋ, ದನದ ಕೊಟ್ಟಿಗೆಯ ಮೂಲೆಯಲ್ಲೋ ಇಡಿ. ರಾತ್ರಿ ದನಗಳ ಮೈಬಿಸಿಗೆ ಕೊಟ್ಟಿಗೆ ಹೊರಗಿಗಿಂತ ಎಷ್ಟು ಬೆಚ್ಚಗಿರುತ್ತೆ ಅಂತ ಹಾಲು ಕರೆಯೋರಿಗೆ ಗೊತ್ತು. ಪೇರಿಕೆ ಮೇಲೆ ನೇರ ಬಿಸಿಲು ಮಾತ್ರ ಬೀಳಬಾರದು, ಒಳಗೆ ಬೆಂದುಹೋಗುತ್ತೆ. ಮೂರನೇ ದಿನದಿಂದ ಬೆಳಗ್ಗೆ-ಸಂಜೆ ಇಣುಕಿ ನೋಡಿ. ಮೊದಲ ಸಸಿ ತಲೆ ಎತ್ತುತ್ತಿದ್ದ ಹಾಗೇ ಎಲ್ಲ ಟ್ರೇ ಬೆಳಕಿಗೆ ತನ್ನಿ. ಒಂದು ದಿನ ಮರೆತರೂ ಸಸಿ ಬಿಳಿಚಿಕೊಂಡು ದಾರದ ಹಾಗೆ ಉದ್ದ ಆಗುತ್ತೆ.

*ತಿಪ್ಪೆಯ ಬಿಸಿ.* ಹಸಿ ಸಗಣಿ, ಹುಲ್ಲು-ಕಸ ಧಾರಾಳ ಇರೋರು ಒಂದೂವರೆ ಅಡಿ ಎತ್ತರ, ಮೂರು-ನಾಲ್ಕು ಅಡಿ ಅಗಲ ಪದರ ಪದರವಾಗಿ ಹಾಕಿ, ತೇವ ಮಾಡಿ ತುಳಿದು ಬಿಡಿ. ಮೊದಲ ನಾಲ್ಕೈದು ದಿನ ಜೋರು ಬಿಸಿ ಏಳುತ್ತೆ, ಘಾಟು ವಾಸನೆ ಬರುತ್ತೆ. ಆಗ ಟ್ರೇ ಇಡಬೇಡಿ. ಬಿಸಿ ಇಳಿದು, ಒಳಗೆ ಕೈ ಹಾಕಿದರೆ ಹಿತವಾಗಿ ಬೆಚ್ಚಗೆ ಅನ್ನಿಸಿದಾಗ ಮೇಲೆ ಎರಡು ಇಂಚು ಹಳೆ ಗೊಬ್ಬರ ಹರಡಿ ಟ್ರೇ ಇಡಿ. ಕರೆಂಟ್ ಇಲ್ಲದ ಹೀಟರ್ ಇದು. ಸಸಿ ಕೆಲಸ ಮುಗಿದ ಮೇಲೆ ಅದೇ ಗೊಬ್ಬರ ಹೊಲಕ್ಕೆ.

ಎರಡನೇ ಹಂತ: ಬಯಲಿಗೆ ಬಂದ ಮೇಲೆ

ಮೊಳಕೆ ಬಂದ ತಕ್ಷಣ ಬೆಳಕು ಬೇಕೇ ಬೇಕು. ಇಲ್ಲಿ ತುಂಬ ಜನ ಬೇಸಿಗೆಯ ಅಭ್ಯಾಸದಲ್ಲಿ ಟ್ರೇಗಳನ್ನು ಹಸಿರು ಶೇಡ್ ನೆಟ್ ಕೆಳಗೆ ಜೋಡಿಸ್ತಾರೆ. ಶೇಡ್ ನೆಟ್ ಬಿಸಿಲು ತಡೆಯುತ್ತೆ, ಚಳಿ ತಡೆಯಲ್ಲ. ಹಗಲಿನ ಬಿಸಿಯೂ ಸಿಗಲ್ಲ, ರಾತ್ರಿಯ ಚಳಿಯೂ ತಪ್ಪಲ್ಲ. ಡಿಸೆಂಬರ್-ಜನವರಿಯಲ್ಲಿ ನೆಟ್ ಸರಿಸಿ, ಬಿಸಿಲು ಬಿಡಿ.

ಜಾಗ ಆರಿಸೋವಾಗ ಸೂರ್ಯನ ದಾರಿ ನೋಡಿ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಕಲ್ಲು ಅಥವಾ ಇಟ್ಟಿಗೆ ಗೋಡೆ ದಿನವಿಡೀ ಬಿಸಿಲು ಕುಡಿದು ರಾತ್ರಿ ನಿಧಾನ ಬಿಡುತ್ತೆ. ಅದರ ಬುಡವೇ ನಿಮ್ಮ ನರ್ಸರಿ. ತಗ್ಗು ಜಾಗ, ಕೆರೆ ಬದು, ಕಾಲುವೆ ಪಕ್ಕ ಬೇಡ. ತಣ್ಣನೆ ಗಾಳಿ ನೀರಿನ ಹಾಗೆ ಹರಿದು ತಗ್ಗಿಗೇ ಬಂದು ನಿಲ್ಲುತ್ತೆ.

ಸಣ್ಣ ಟನಲ್ ಹೀಗೆ ಮಾಡ್ಕೊಳ್ಳಿ. ಬಿದಿರು ಸೀಳು ಅಥವಾ ದಪ್ಪ ತಂತಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಎರಡು-ಮೂರು ಅಡಿಗೊಂದು ನೆಡಿ. ಎತ್ತರ ಎರಡು ಅಡಿ ಸಾಕು. ನೆಲಕ್ಕೆ ಹುಲ್ಲು ಹಾಸಿ, ಅದರ ಮೇಲೆ ಹಳೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಟ್ರೇ. ಮೇಲೆ ಪಾರದರ್ಶಕ ಪಾಲಿಥಿನ್ ಹೊದಿಸಿ ಅಂಚಿಗೆ ಕಲ್ಲು ಇಡಿ. ಇನ್ನು ದಿನಚರಿ:

• ಬೆಳಗ್ಗೆ ಬಿಸಿಲು ತಾಗಿದ ಮೇಲೆ, ಎಂಟೂವರೆ-ಒಂಬತ್ತಕ್ಕೆ ಎರಡೂ ತುದಿ ತೆರೆಯಿರಿ. ಹಾಳೆಯ ಒಳಗೆ ಕಟ್ಟಿದ ಹನಿ ಸಸಿ ಮೇಲೆ ಬೀಳದ ಹಾಗೆ ಬದಿಗೆ ಜಾಡಿಸಿ.
• ಹನ್ನೊಂದರಿಂದ ಮೂರರವರೆಗೆ ಹಾಳೆ ಪೂರ್ತಿ ಎತ್ತಿಬಿಡಿ. ಮುಚ್ಚಿದ ಟನಲ್ ಒಳಗೆ ಚಳಿಗಾಲದ ಬಿಸಿಲಲ್ಲೂ 40 ಡಿಗ್ರಿ ದಾಟಬಹುದು. ರಾತ್ರಿ ಚಳಿಯಿಂದ ಉಳಿಸಿದ ಸಸಿ ಮಧ್ಯಾಹ್ನ ಸುಟ್ಟುಹೋದರೆ ಏನು ಬಂತು?
• ಬಿಸಿಲು ಇಳಿಯೋ ಮುಂಚೆ, ನಾಲ್ಕು-ನಾಲ್ಕೂವರೆಗೆ ಮುಚ್ಚಿ. ಕತ್ತಲಾದ ಮೇಲೆ ಮುಚ್ಚಿದರೆ ಒಳಗೆ ಹಿಡಿದಿಡೋಕೆ ಬಿಸಿಯೇ ಉಳಿದಿರಲ್ಲ.
• ಕತ್ತಲಾಗುತ್ತಿದ್ದ ಹಾಗೆ ಹಾಳೆ ಮೇಲೆ ಗೋಣಿಚೀಲ, ಹಳೆ ಕಂಬಳಿ ಅಥವಾ ತೆಂಗಿನಗರಿಯ ತಡಿಕೆ ಹೊದಿಸಿ. ಇದನ್ನ ಬಿಡಬೇಡಿ. ತೆಳು ಪಾಲಿಥಿನ್ ಗಾಳಿ ತಡೆಯುತ್ತೆ, ಆದರೆ ನೆಲದ ಬಿಸಿ ಅದರ ಮೂಲಕವೇ ಆಕಾಶಕ್ಕೆ ಹೋಗಿಬಿಡುತ್ತೆ.

ನೀರು: ಕಡಿಮೆ, ಬೆಳಗ್ಗೆ, ಬೋರ್‌ನಿಂದ ನೇರ

ಚಳಿಯಲ್ಲಿ ಸಸಿ ಸಾಯೋದು ಒಣಗಿ ಅಲ್ಲ, ನೆನೆದು. ಕೋಕೋಪೀಟ್ ಮೇಲ್ಗಡೆ ಬೆಳ್ಳಗಾದರೂ ಒಳಗೆ ತೇವ ಇರುತ್ತೆ. ಒಂದು ಗುಳಿಯದು ತೆಗೆದು ಮುಷ್ಟಿಯಲ್ಲಿ ಹಿಂಡಿ. ನೀರು ಧಾರೆಯಾಗಿ ಬಂದರೆ ಎರಡು ದಿನ ನೀರು ಬೇಡ. ಕೈ ಒದ್ದೆ ಆದರೆ ಸರಿ ಇದೆ. ಪುಡಿ ಪುಡಿ ಉದುರಿದರೆ ಹಾಕಿ.

ಹಾಕೋದಾದರೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ. ಸಂಜೆ ಹಾಕಿದ ನೀರು ರಾತ್ರಿಯಿಡೀ ಎಲೆ ಮೇಲೆ, ಬುಡದಲ್ಲಿ ತಣ್ಣಗೆ ಕೂರುತ್ತೆ. ರಾತ್ರಿಯೆಲ್ಲ ಬಯಲಲ್ಲಿದ್ದ ಸಿಂಟೆಕ್ಸ್ ತೊಟ್ಟಿಯ ನೀರು ಬೆಳಗ್ಗೆ ಕೈ ಜೋಮು ಹಿಡಿಸುವಷ್ಟು ತಣ್ಣಗಿರುತ್ತೆ. ಅದೇ ಬೋರ್‌ವೆಲ್‌ನಿಂದ ಆಗ ತಾನೇ ಬಂದ ನೀರು ಬೆಚ್ಚಗಿರುತ್ತೆ, ಭೂಮಿಯಾಳದಲ್ಲಿ ಚಳಿ-ಸೆಕೆ ಎರಡೂ ತಟ್ಟಲ್ಲ. ಆ ನೀರನ್ನೇ ಹಿಡಿದು ಕೂಡಲೇ ಬಳಸಿ.

ರೋಗಕ್ಕೆ ಮುಂಜಾಗ್ರತೆಯಾಗಿ ಒಂದು ಕೆ.ಜಿ. ಕೋಕೋಪೀಟ್‌ಗೆ 10 ಗ್ರಾಂ ಟ್ರೈಕೋಡರ್ಮಾ ಬೆರೆಸಿ ತುಂಬಿ. ಬಣ್ಣ ಹಚ್ಚದ ಬೀಜ ಆದರೆ ಕೆ.ಜಿ. ಬೀಜಕ್ಕೆ 4 ಗ್ರಾಂ ಲೆಕ್ಕದಲ್ಲಿ ಬೀಜಕ್ಕೂ ಹಚ್ಚಬಹುದು. ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಹಚ್ಚಿದರೆ ಉಪಯೋಗ ಇಲ್ಲ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ತಾನೆ. ಇದು ಜೀವ ಇರೋ ಔಷಧಿ, ತಣ್ಣನೆ ಜಾಗದಲ್ಲಿ ಇದೂ ಮೈಗಳ್ಳ ಆಗುತ್ತೆ. ಹಾಗಾಗಿ ಬಿಸಿ ಮೊದಲು, ಔಷಧಿ ಆಮೇಲೆ.

ಎಲೆ ನೇರಳೆ ಆದರೆ ಗೊಬ್ಬರದಂಗಡಿಗೆ ಓಡಬೇಡಿ

ಜನವರಿಯಲ್ಲಿ ಟೊಮೆಟೊ ಸಸಿ ಎಲೆಯ ಕೆಳಭಾಗ, ಕಾಂಡ ನೇರಳೆ ಬಣ್ಣಕ್ಕೆ ತಿರುಗೋದು ಸಾಮಾನ್ಯ. ರಂಜಕದ ಕೊರತೆ ಅಂತ ಪುಸ್ತಕ ಹೇಳುತ್ತೆ, ಅಂಗಡಿಯವರೂ ಹೇಳ್ತಾರೆ. ನಿಜ, ಆದರೆ ರಂಜಕ ಇಲ್ಲ ಅಂತ ಅಲ್ಲ, ತಣ್ಣಗಾದ ಬೇರಿಗೆ ಅದನ್ನ ಎಳೆದುಕೊಳ್ಳೋಕೆ ಆಗ್ತಿಲ್ಲ ಅಂತ. ಮೇಲೆ ಏನು ಸಿಂಪಡಿಸೋಕೂ ಮುಂಚೆ ನಾಲ್ಕು ರಾತ್ರಿ ಗೋಣಿ ಹೊದಿಸಿ ನೋಡಿ. ಹೊಸ ಎಲೆ ಹಸಿರಾಗಿ ಬಂದರೆ ಉತ್ತರ ಸಿಕ್ಕಿತು, ದುಡ್ಡೂ ಉಳೀತು.

ಟ್ರೇ ಇಲ್ಲ, ಹತ್ತಿಪ್ಪತ್ತು ಗಿಡ ಸಾಕು ಅನ್ನೋರಿಗೆ

ಕೈತೋಟಕ್ಕೆ ಪ್ರೋಟ್ರೇ ಬೇಕಿಲ್ಲ. ಮೊಸರಿನ ಕಪ್, ಹಾಲಿನ ಪ್ಯಾಕೆಟ್, ತೆಂಗಿನ ಕರಟ ಏನಾದರೂ ಸರಿ, ತಳದಲ್ಲಿ ಎರಡು-ಮೂರು ತೂತು ಇರಲಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ. ಮುಚ್ಚೋಕೆ ಖಾಲಿ ನೀರಿನ ಬಾಟಲಿಯ ಮೇಲಿನ ಅರ್ಧ. ಹಗಲು ಬಿರಡೆ ತೆಗೆಯಿರಿ, ರಾತ್ರಿ ಹಾಕಿ. ಕಪ್‌ಗಳನ್ನೆಲ್ಲ ಒತ್ತೊತ್ತಾಗಿ ಒಂದು ಹಣ್ಣಿನ ಕ್ರೇಟ್‌ನಲ್ಲಿ ಇಟ್ಟರೆ ಸಂಜೆ ಎತ್ತಿ ಜಗಲಿಗೆ ತರೋದು ಸುಲಭ. ಹಾಲಿನ ಕ್ಯಾನ್ ವಿಡಿಯೋದ ನಮ್ಮೂರ ರೂಪ ಇದು.

ಯಾವಾಗ ಬಿತ್ತಬೇಕು, ಯಾವಾಗ ನಾಟಿ?

ಕೊಯ್ಲಿನಿಂದ ಹಿಂದಕ್ಕೆ ಎಣಿಸಿ. ಮಾರ್ಚ್ ಕೊನೆಗೆ ಕಲ್ಲಂಗಡಿ ಬೇಕು ಅಂದರೆ, ನಾಟಿಯಿಂದ ಕೊಯ್ಲಿಗೆ ಸುಮಾರು 65 ದಿನ. ಜನವರಿ 20-25ಕ್ಕೆ ನಾಟಿ ಆಗಬೇಕು. ಚೆನ್ನಾಗಿ ಬೆಚ್ಚಗಿಟ್ಟರೆ 12-15 ದಿನದ ಸಸಿ ಸಿದ್ಧ, ಚಳಿಗೆ ಮೂರು-ನಾಲ್ಕು ದಿನ ಸೇರಿಸಿ. ಅಂದರೆ ಜನವರಿ ಮೊದಲ ವಾರ ಬೀಜ ಟ್ರೇಯಲ್ಲಿರಬೇಕು. ಟೊಮೆಟೊಗೆ 25-30 ದಿನ, ಮೆಣಸಿನಕಾಯಿಗೆ 35-45 ದಿನ ಹಿಡಿಯಿರಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅಂತ ಹಿರಿಯರು ಹೇಳೋದು ಸರಿಯೇ. ಆದರೆ ಅಲ್ಲಿವರೆಗೆ ಕಾದು ಬೀಜ ಹಾಕಿದರೆ ಹಣ್ಣು ಬರೋ ಹೊತ್ತಿಗೆ ಮೇ ತಿಂಗಳ ಅಡ್ಡಮಳೆ ಶುರು. ಟ್ರೇಯಲ್ಲಿ ಚಳಿ ದಾಟಿಸೋದರ ಲಾಭ ಇರೋದೇ ಇಲ್ಲಿ: ಸಸಿಗೆ ಬೇಕಾದ ಬಿಸಿಯನ್ನು ಒಂದು ಎಕರೆಗೆ ಕೊಡೋಕಾಗಲ್ಲ, ನಾಲ್ಕು ಅಡಿ ಅಗಲದ ಟನಲ್‌ಗೆ ಕೊಡಬಹುದು.

ನಾಟಿಗೆ ಒಂದು ವಾರ ಇರುವಾಗ ಮುದ್ದು ಕಡಿಮೆ ಮಾಡಿ. ಮೊದಲು ಗೋಣಿ ತೆಗೆಯಿರಿ, ಎರಡು ರಾತ್ರಿ ಬಿಟ್ಟು ಹಾಳೆಯ ತುದಿಗಳನ್ನು ತೆರೆದಿಡಿ, ಕೊನೆ ಎರಡು ರಾತ್ರಿ ಪೂರ್ತಿ ಬಯಲು. ನೀರೂ ಸ್ವಲ್ಪ ಕಡಿಮೆ. ಕಲ್ಲಂಗಡಿ-ಸೌತೆಗೆ ಇದನ್ನ ಮೂರು-ನಾಲ್ಕು ದಿನದಲ್ಲೇ ಮುಗಿಸಿ. ತೀರಾ ಚಳಿ ಇರೋ ರಾತ್ರಿ, ಅಂದರೆ ಹತ್ತು ಡಿಗ್ರಿ ಆಸುಪಾಸು ಅಂತ ಮುನ್ಸೂಚನೆ ಇದ್ದರೆ ಹೊದಿಸಿ. ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆ ಆರಿಸಿದರೆ ಮುಂದಿನ ಕೆಲವು ದಿನಗಳ ಕನಿಷ್ಠ ಉಷ್ಣಾಂಶ ಸಿಗುತ್ತೆ. ಅದರಲ್ಲಿ ಎರಡು-ಮೂರು ಡಿಗ್ರಿ ಕಳೆದು ನಿಮ್ಮ ಟ್ರೇ ಲೆಕ್ಕ ಹಾಕಿಕೊಳ್ಳಿ.

ಈ ವಾರ ಬೀಜ ಹಾಕೋರು ಒಂದು ಪರೀಕ್ಷೆ ಮಾಡಿ. ಒಂದೇ ಪ್ಯಾಕೆಟ್‌ನ ಬೀಜ, ಎರಡು ಟ್ರೇ. ಒಂದನ್ನ ಎಂದಿನ ಹಾಗೆ ಬಯಲಲ್ಲಿಡಿ, ಇನ್ನೊಂದನ್ನ ಮೇಲೆ ಹೇಳಿದ ಹಾಗೆ ಬೆಚ್ಚಗಿಡಿ. ಎಷ್ಟನೇ ದಿನ ಎಷ್ಟು ಸಸಿ ಬಂತು ಅಂತ ಎಣಿಸಿ ಬರೆದಿಡಿ. ಎರಡೂ ಟ್ರೇಯಲ್ಲಿ ಹುಟ್ಟದಿದ್ದರೆ ಆಗ ಬಿಲ್, ಪ್ಯಾಕೆಟ್, ಫೋಟೋ ಹಿಡಿದುಕೊಂಡು ಅಂಗಡಿಗೆ ಹೋಗಿ ಗಟ್ಟಿಯಾಗಿ ಕೇಳಬಹುದು.